ಕರಾವಳಿಯವಳು ನಾನು, ಯುಕಾನ್ ಚಳಿಯಲ್ಲಿ ರಾತ್ರಿ ಓಡಬಹುದಾ?

ಪ್ರಶ್ನೆ: ನನಗೆ 39 ವರ್ಷ. ಉಡುಪಿಯಲ್ಲಿ ಬ್ಯಾಂಕ್ ಕೆಲಸ. ಕೆಲವು ವರ್ಷಗಳಿಂದ ಓಡುತ್ತಿದ್ದೇನೆ, ಹಾಫ್ ಮ್ಯಾರಥಾನ್ 2 ಗಂಟೆ 20 ನಿಮಿಷದಲ್ಲಿ ಮುಗಿಸುತ್ತೇನೆ. ವ್ಯಾಂಕೂವರ್‌ನಲ್ಲಿರುವ ನನ್ನ ಭಾವ ಮತ್ತು ಅವರ ಸ್ನೇಹಿತರು ಸೆಪ್ಟೆಂಬರ್‌ನ ಕ್ಲೋಂಡೈಕ್ ರೋಡ್ ರಿಲೇಗೆ ತಂಡ ಕಟ್ಟಿದ್ದಾರೆ. ಅಲಾಸ್ಕಾದ ಸ್ಕ್ಯಾಗ್ವೇಯಿಂದ ಕೆನಡಾದ ಯುಕಾನ್ ಪ್ರದೇಶದ ವೈಟ್‌ಹಾರ್ಸ್‌ವರೆಗೆ ಬೆಟ್ಟ ಕಾಡಿನ ನಡುವೆ, ರಾತ್ರಿಯಿಡೀ, ಹತ್ತು ಜನ ಸರದಿಯಲ್ಲಿ ಓಡುವುದಂತೆ. ಒಬ್ಬರು ಕಡಿಮೆ ಇದ್ದಾರೆ, ಬಾ ಅಂತ ಕರೆಯುತ್ತಿದ್ದಾರೆ. ನನಗೆ ಚಿಕ್ಕಂದಿನಲ್ಲಿ ದಮ್ಮು ಇತ್ತು. ಹೈಸ್ಕೂಲ್ ಮುಗಿದ ಮೇಲೆ ಇನ್‌ಹೇಲರ್ ಮುಟ್ಟಿಲ್ಲ. ಎರಡು ವರ್ಷದ ಹಿಂದೆ ಮನಾಲಿಗೆ ಹೋದಾಗ ಬೆಳಿಗ್ಗೆ ಸ್ವಲ್ಪ ಓಡಿದ್ದೆ. ಓಡುವಾಗ ಏನೂ ಆಗಲಿಲ್ಲ, ನಿಂತ ಮೇಲೆ ಅರ್ಧ ಗಂಟೆ ಕೆಮ್ಮು. ಅಷ್ಟು ಎತ್ತರದಲ್ಲಿ ಆಕ್ಸಿಜನ್ ಸಿಗುವುದಿಲ್ಲ ಎಂದು ಒಬ್ಬರು, ಚಳಿ ಗಾಳಿಗೆ ಶ್ವಾಸಕೋಶ ಹೆಪ್ಪುಗಟ್ಟುತ್ತದೆ ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಜಿಮ್‌ನ ಗೆಳತಿ ಒಂದು ಗುಟುಕು ಬ್ರಾಂಡಿ ಇಟ್ಟುಕೋ ಎನ್ನುತ್ತಾಳೆ. ಅತ್ತೆಗೆ ಕರಡಿಯದ್ದೇ ಚಿಂತೆ. ಈಗ ಏಪ್ರಿಲ್, ಇನ್ನು ಐದು ತಿಂಗಳಿದೆ. ಹೋಗಬಹುದಾ? ಹೋದರೆ ಯಾವ ಭಾಗ ಓಡಲಿ?

ಉತ್ತರ: ಹೋಗಬಹುದು. ಆದರೆ ಆ ಮನಾಲಿಯ ಕೆಮ್ಮು ಏನೆಂದು ಗೊತ್ತಾಗದೆ ಹೋಗಬೇಡಿ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಅದೊಂದೇ ಸಾಲು. ಆಕ್ಸಿಜನ್, ಕರಡಿ, ಹೆಪ್ಪುಗಟ್ಟುವುದು ಎಲ್ಲ ಆಮೇಲಿನ ಮಾತು.

ಮೊದಲು ಆಕ್ಸಿಜನ್ ವಿಷಯ ಮುಗಿಸಿಬಿಡೋಣ, ಇದು ಸುಲಭ. ಸ್ಕ್ಯಾಗ್ವೇ ಇರುವುದು ಸಮುದ್ರದ ದಡದಲ್ಲಿ, ನಮ್ಮ ಮಲ್ಪೆಯ ಹಾಗೆ. ಅಲ್ಲಿಂದ ರಸ್ತೆ ವೈಟ್ ಪಾಸ್ ಎಂಬ ಘಾಟಿ ಹತ್ತುತ್ತದೆ. ಈ ದಾರಿಯ ಅತಿ ಎತ್ತರದ ಜಾಗ ಅದು, ಸುಮಾರು 1,000 ಮೀಟರ್. ಬೆಂಗಳೂರು 900 ಮೀಟರ್ ದಾಟಿದೆ. ಮಡಿಕೇರಿ ವೈಟ್ ಪಾಸ್‌ಗಿಂತ ಎತ್ತರದಲ್ಲಿದೆ. ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದಾಗ ನಿಮಗೆ ಉಸಿರು ಕಟ್ಟಿದ್ದರೆ ಅದು ಹೊಗೆಗೆ, ಎತ್ತರಕ್ಕಲ್ಲ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ಮೇಲೆ ಶುರುವಾಗುವುದು. ಉತ್ತರದ ಹಿಮದ ಬೆಟ್ಟ ಎಂದ ಕೂಡಲೇ ನಮಗೆ ಲಡಾಖ್ ನೆನಪಾಗುತ್ತದೆ, ಗಲಿಬಿಲಿ ಅಲ್ಲಿಂದ.

ಹಾಗೆಂದು ಆ ಘಾಟಿ ಸಲೀಸು ಎಂದಲ್ಲ. ಸಮುದ್ರ ಮಟ್ಟದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್‌ನಲ್ಲಿ ಸಾವಿರ ಮೀಟರ್ ಹತ್ತಬೇಕು. ನಮ್ಮ ಆಗುಂಬೆ ಊರಿನ ಎತ್ತರವೇ ಸುಮಾರು 650 ಮೀಟರ್, ನೆನಪಿಡಿ. 1897-98ರಲ್ಲಿ ಕ್ಲೋಂಡೈಕ್‌ನಲ್ಲಿ ಚಿನ್ನ ಸಿಕ್ಕಿತೆಂದು ಸಾವಿರಾರು ಜನ ಇದೇ ಕಣಿವೆ ಹತ್ತಿದರು. ಒಂದು ವರ್ಷದ ದಿನಸಿ, ಸಾಮಾನು ಜೊತೆಗಿಲ್ಲದಿದ್ದರೆ ಕೆನಡಾದ ಪೊಲೀಸರು ಗಡಿಯಲ್ಲಿ ಒಳಗೆ ಬಿಡುತ್ತಿರಲಿಲ್ಲ. ಹೆಚ್ಚುಕಡಿಮೆ ಒಂದು ಟನ್ ತೂಕ. ಆ ಹೊರೆ ಹೊತ್ತು ಕೆಸರು ಬಂಡೆಗಳ ನಡುವೆ ಸುಮಾರು 3,000 ಕುದುರೆಗಳು ಸತ್ತವು. ಈಗ ಡಾಂಬರು ರಸ್ತೆ ಇದೆ, ಹಿಂದೆ ವ್ಯಾನ್ ಇರುತ್ತದೆ. ಆದರೆ ಆ ಘಾಟಿಯ ಗಾಳಿ, ಮಂಜು, ಮಳೆ ಮಾತ್ರ ಹಾಗೇ ಇವೆ.

ಬೇರೆ ಓದುಗರಿಗಾಗಿ ರಿಲೇ ಬಗ್ಗೆ ಎರಡು ಮಾತು. ಇದು 1983ರಲ್ಲಿ ಶುರುವಾಯಿತು. ದೂರ ಸುಮಾರು 176 ಕಿಲೋಮೀಟರ್, ಹತ್ತು ಲೆಗ್, ಅಂದರೆ ಒಬ್ಬೊಬ್ಬರ ಪಾಲಿಗೆ ಬರುವ ಭಾಗ. ಲೆಗ್‌ಗಳು ಸಮ ಇಲ್ಲ. ಕೆಲವು ಹತ್ತು ಕಿಲೋಮೀಟರ್ ಆಸುಪಾಸಿನವು, ಕೆಲವು ಇಪ್ಪತ್ತು ದಾಟುತ್ತವೆ. ಸಂಜೆ ಹೊತ್ತಿಗೆ ಅಲಾಸ್ಕಾದಲ್ಲಿ ಶುರುವಾಗಿ, ಘಾಟಿ ಹತ್ತಿ ಬ್ರಿಟಿಷ್ ಕೊಲಂಬಿಯಾದ ಮೂಲೆಯೊಂದನ್ನು ಹಾದು, ಕಾರ್‌ಕ್ರಾಸ್ ಊರಿನ ಮೇಲೆ ಮರುದಿನ ಯುಕಾನ್‌ನ ವೈಟ್‌ಹಾರ್ಸ್ ತಲುಪುತ್ತದೆ. ಒಬ್ಬರು ಓಡುತ್ತಾರೆ, ಉಳಿದವರು ವ್ಯಾನ್‌ನಲ್ಲಿ ಕಾಯುತ್ತಾರೆ.

ಈ ಕಾಯುವುದಿದೆಯಲ್ಲ, ಅಪಾಯ ಇರುವುದು ಅಲ್ಲಿ. ನೀವು ಓಡುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ಉಳಿದ ಅಷ್ಟೂ ಹೊತ್ತು ನಿದ್ದೆಯಿಲ್ಲದೆ, ಒದ್ದೆ ಬಟ್ಟೆಯಲ್ಲಿ, ಸಿಕ್ಕಿದ್ದು ತಿಂದು, ಕಾಡಿನ ರಸ್ತೆಯಲ್ಲಿ ಇರುತ್ತೀರಿ. ಇಂತಹ ಓಟಗಳಿಗೆ ಹೋಗಿ ಬಂದು ನನ್ನ ಹತ್ತಿರ ತೋರಿಸಿಕೊಂಡವರಲ್ಲಿ ಹೆಚ್ಚಿನವರ ತೊಂದರೆ ಶುರುವಾಗಿದ್ದು ಓಟ ನಿಂತ ಮೇಲೆ. ನಿಮ್ಮ ಕೆಮ್ಮೂ ಅಷ್ಟೇ, ನಿಂತ ಮೇಲೆ ಬಂತು ಅಲ್ವಾ?

ಅದಕ್ಕೆ ಕಾರಣ ಹೇಳುತ್ತೇನೆ. ಸುಮ್ನೆ ಕೂತಾಗ ಮೂಗಿನಲ್ಲಿ ಉಸಿರಾಡುತ್ತೇವೆ. ಗಾಳಿ ಒಳಗೆ ಹೋಗುವಷ್ಟರಲ್ಲಿ ಬೆಚ್ಚಗಾಗಿ, ತೇವ ಹೀರಿಕೊಂಡಿರುತ್ತದೆ. ಜೋರಾಗಿ ಓಡುವಾಗ ಬಾಯಲ್ಲಿ ಉಸಿರಾಡುತ್ತೇವೆ, ಹತ್ತು ಪಟ್ಟಿಗಿಂತ ಜಾಸ್ತಿ ಗಾಳಿ ಎಳೆಯುತ್ತೇವೆ. ಚಳಿ ಗಾಳಿಯಲ್ಲಿ ತೇವ ಬಹಳ ಕಡಿಮೆ. ಅದು ಬೇಕಾದ ತೇವವನ್ನೆಲ್ಲ ಶ್ವಾಸನಾಳದ ಒಳಪದರದಿಂದಲೇ ಎಳೆದುಕೊಳ್ಳುತ್ತದೆ. ಪದರ ಒಣಗುತ್ತದೆ, ಕೆರಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ. ದಮ್ಮಿನ ಗುಣ ಇರುವವರಲ್ಲಿ ಈ ಬಿಗಿತ ಓಟ ನಿಲ್ಲಿಸಿದ ಐದರಿಂದ ಹದಿನೈದು ನಿಮಿಷದಲ್ಲಿ ಜೋರಾಗುತ್ತದೆ. ಅರ್ಧ ಗಂಟೆ, ಒಂದು ಗಂಟೆಯಲ್ಲಿ ತಾನೇ ಇಳಿಯುತ್ತದೆ. ನಿಮ್ಮ ಮನಾಲಿಯ ವರ್ಣನೆ ಇದಕ್ಕೆ ಸರಿಯಾಗಿ ಹೊಂದುತ್ತದೆ. ಪತ್ರ ಓದಿಯೇ ಇದು ಅದೇ ಎಂದು ಹೇಳಲಾರೆ, ಆದರೆ ಪಂದ್ಯ ಕಟ್ಟುವುದಾದರೆ ಇದರ ಮೇಲೇ ಕಟ್ಟುತ್ತೇನೆ.

ಹಾಗಾದರೆ ಉಡುಪಿಯಲ್ಲಿ ಇಷ್ಟು ವರ್ಷ ಓಡಿದರೂ ಯಾಕೆ ಬರಲಿಲ್ಲ? ನಮ್ಮ ಗಾಳಿಯೇ ಉತ್ತರ. ಇಲ್ಲಿನ ಸೆಕೆ, ತೇವ ಎಂದು ನಾವು ದಿನಾ ಬೈಯುವ ಆ ಗಾಳಿ ಶ್ವಾಸನಾಳಕ್ಕೆ ಒಳ್ಳೆಯದು. ಬೆಚ್ಚಗಿನ ತೇವದ ಗಾಳಿಯಲ್ಲಿ ಓಡಿದರೆ ಒಳಪದರ ಒಣಗುವುದೇ ಇಲ್ಲ. ದಮ್ಮು ಹೋಯಿತು ಎಂದುಕೊಂಡವರಲ್ಲಿ ಕೆಲವರಿಗೆ ಅದು ಹೋಗಿರುವುದಿಲ್ಲ, ಕರಾವಳಿಯಲ್ಲಿ ಮುಖ ತೋರಿಸಲು ಅವಕಾಶ ಸಿಕ್ಕಿರುವುದಿಲ್ಲ. ಇಲ್ಲಿಂದ ಓದಲು, ಕೆಲಸಕ್ಕೆ ಉತ್ತರ ಭಾರತಕ್ಕೋ ಯುರೋಪಿಗೋ ಹೋದ ಹುಡುಗರು ಮೊದಲ ಚಳಿಗಾಲದಲ್ಲೇ ಕೆಮ್ಮುತ್ತಾ ಫೋನ್ ಮಾಡುವುದನ್ನು ನೋಡಿದ್ದೇನೆ.

ಶ್ವಾಸಕೋಶ ಹೆಪ್ಪುಗಟ್ಟುತ್ತದೆ ಎನ್ನುವುದು ಮಾತ್ರ ಶುದ್ಧ ಸುಳ್ಳು. ಸೆಪ್ಟೆಂಬರ್ ಆರಂಭದಲ್ಲಿ ಅಲ್ಲಿ ರಾತ್ರಿ ಸೊನ್ನೆಯಿಂದ ಐದು ಡಿಗ್ರಿಯ ಆಸುಪಾಸು ಇರುವುದು ಸಾಮಾನ್ಯ, ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಅದಕ್ಕಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಗಾಳಿ ಶ್ವಾಸಕೋಶದ ಆಳಕ್ಕೆ ಹೋಗುವಷ್ಟರಲ್ಲಿ ದೇಹದ ಬಿಸಿಗೆ ಬಂದಿರುತ್ತದೆ. ತೊಂದರೆ ಒಣಗುವುದರಿಂದ, ಹೆಪ್ಪಿನಿಂದಲ್ಲ.

ಈಗ ಮಾಡಬೇಕಾದ್ದು. ಶ್ವಾಸಕೋಶ ತಜ್ಞರ ಹತ್ತಿರ ಹೋಗಿ ಸ್ಪೈರೋಮೆಟ್ರಿ ಮಾಡಿಸಿ. ಕೂತು ಊದುವ ಪರೀಕ್ಷೆಯಲ್ಲಿ ಎಲ್ಲ ಸರಿ ಎಂದು ಬಂದರೆ ಖುಷಿಯಲ್ಲಿ ಮನೆಗೆ ಬಂದುಬಿಡಬೇಡಿ. ನಿಮ್ಮಂತಹವರಲ್ಲಿ ಅದು ಸರಿಯಾಗಿಯೇ ಬರುವುದು ಹೆಚ್ಚು. ಓಡಿದ ಮೇಲೆ ಊದಬೇಕು. ಎಸಿ ಚೆನ್ನಾಗಿರುವ ಕೋಣೆಯಲ್ಲಿ, ಟ್ರೆಡ್‌ಮಿಲ್ ಮೇಲೆ ಆರೆಂಟು ನಿಮಿಷ ಏದುಸಿರು ಬರುವಷ್ಟು ಓಡಿಸಿ, ನಿಲ್ಲಿಸಿದ ಮೇಲೆ ಅರ್ಧ ಗಂಟೆ ಹೊತ್ತು ಆಗಾಗ ಊದಿಸುತ್ತಾರೆ. ಎಸಿ ಗಾಳಿ ಒಣಗಿರುತ್ತದೆ, ಅದಕ್ಕೇ ಅದು ಬೇಕು. ಫ್ಯಾನ್ ಹಾಕಿ ಕಿಟಕಿ ತೆರೆದು ಮಳೆಗಾಲದಲ್ಲಿ ಮಾಡಿದರೆ ಏನೂ ಸಿಗದೆ ಹೋಗಬಹುದು. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ. 10 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅನುಮಾನ ಖಚಿತ.

ಖಚಿತವಾದರೂ ಹೆದರಬೇಡಿ. ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರಲ್ಲೂ ದಮ್ಮು ಇರುವವರಿದ್ದಾರೆ. ಇದಕ್ಕೆ ಒಳ್ಳೆಯ ಔಷಧಿ ಇದೆ. ಹಿಂದೆ ಓಟಕ್ಕೆ ಹದಿನೈದು ನಿಮಿಷ ಮೊದಲು ಬಿಗಿದ ಶ್ವಾಸನಾಳ ಸಡಿಲಿಸುವ ನೀಲಿ ಇನ್‌ಹೇಲರ್ ಎಳೆದುಕೊಳ್ಳಿ, ಸಾಕು ಎನ್ನುತ್ತಿದ್ದೆವು. ಅದು ಈಗಲೂ ಕೆಲಸ ಮಾಡುತ್ತದೆ. ಆದರೆ ಒಳಗಿನ ಉರಿಯೂತವನ್ನು ತಣಿಸುವ ಸ್ಟಿರಾಯ್ಡ್ ಇನ್‌ಹೇಲರ್ ಇಲ್ಲದೆ ಬರೀ ನೀಲಿಯನ್ನೇ ನಂಬುವುದು ಸರಿಯಲ್ಲ ಎಂಬುದು ಈಗಿನ ತಿಳಿವಳಿಕೆ. ಯಾವುದು, ಎಷ್ಟು ಎಂದು ನಿಮ್ಮ ವೈದ್ಯರು ಹೇಳಲಿ. ಸ್ಟಿರಾಯ್ಡ್ ಹೆಸರು ಕೇಳಿ ಮನೆಯವರು ಗಾಬರಿಯಾದರೆ, ಇನ್‌ಹೇಲರ್‌ನಲ್ಲಿರುವ ಪ್ರಮಾಣ ಮೈಕ್ರೋಗ್ರಾಂ ಲೆಕ್ಕದ್ದು ಎಂದು ಹೇಳಿ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಆಯಿತು.

ಇನ್ನು ಎರಡು ಸಣ್ಣ ಉಪಾಯ. ಲೆಗ್ ಶುರುವಾಗುವ ಮೊದಲು ಹತ್ತು ಹದಿನೈದು ನಿಮಿಷ ವಾರ್ಮ್-ಅಪ್ ಮಾಡಿ, ನಡುವೆ ಅರ್ಧ ಅರ್ಧ ನಿಮಿಷ ಜೋರಾಗಿ ಓಡಿ. ಹೀಗೆ ಮಾಡಿದ ಅನೇಕರಲ್ಲಿ ಶ್ವಾಸನಾಳ ಆಮೇಲೆ ಒಂದೆರಡು ಗಂಟೆ ಅಷ್ಟಾಗಿ ಕೆರಳುವುದಿಲ್ಲ. ಬಾಯಿ ಮೂಗಿಗೆ ತೆಳುವಾದ ಬಟ್ಟೆ ಸುತ್ತಿಕೊಳ್ಳಿ, ಬಿಟ್ಟ ಉಸಿರಿನ ತೇವವೇ ಮತ್ತೆ ಒಳಗೆ ಹೋಗುತ್ತದೆ. ಇನ್‌ಹೇಲರ್ ಬ್ಯಾಗಿನಲ್ಲಿ ಬೇಡ, ಮೈಗೆ ತಾಗುವ ಒಳಜೇಬಿನಲ್ಲಿರಲಿ. ಡಬ್ಬಿ ತಣ್ಣಗಾದರೆ ಔಷಧಿ ಸರಿಯಾಗಿ ಹೊರಬರುವುದಿಲ್ಲ.

ಚಳಿಗೆ ಬರೋಣ. ಓಡುವಾಗ ನಿಮಗೆ ಚಳಿಯಾಗುವುದಿಲ್ಲ, ಇದನ್ನು ನಂಬಿ. ಓಡುವ ದೇಹ ಸುಮ್ನೆ ಕೂತ ದೇಹದ ಎಂಟು ಹತ್ತು ಪಟ್ಟು ಶಾಖ ಹುಟ್ಟಿಸುತ್ತದೆ. ದೂರದ ಓಟಕ್ಕೆ ಹತ್ತು ಡಿಗ್ರಿ ಆಸುಪಾಸು ಅತ್ಯುತ್ತಮ. ಉಡುಪಿಯ ಸೆಕೆಯಲ್ಲಿ 2 ಗಂಟೆ 20 ನಿಮಿಷಕ್ಕೆ ಮುಗಿಸುವವರು ಅಲ್ಲಿ ಸಮತಟ್ಟು ರಸ್ತೆಯಲ್ಲಿ ಇನ್ನೂ ಬೇಗ ಓಡಿದರೆ ನನಗೆ ಆಶ್ಚರ್ಯವಿಲ್ಲ. ಕಷ್ಟ ಬರುವುದು ಬ್ಯಾಟನ್ ಕೊಟ್ಟ ಮರುಕ್ಷಣ. ಶಾಖ ಹುಟ್ಟುವುದು ನಿಲ್ಲುತ್ತದೆ, ಮೈ ಮಾತ್ರ ಬೆವರಿನಲ್ಲಿ ನೆನೆದಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ. ಮೇಲೆ ಘಾಟಿಯ ಗಾಳಿ. ಫೋಟೋ ತೆಗೆಸಿಕೊಂಡು, ಮುಂದಿನವರಿಗೆ ಚಪ್ಪಾಳೆ ತಟ್ಟಿ, ಹತ್ತು ನಿಮಿಷ ನಿಂತರೆ ಸಾಕು, ನಡುಕ ಶುರು.

ಆದ್ದರಿಂದ ಓಟ ಮುಗಿದ ಐದು ನಿಮಿಷದೊಳಗೆ ಮೈಮೇಲಿನ ಎಲ್ಲ ಬಟ್ಟೆ ಬದಲಾಗಬೇಕು. ಎಲ್ಲ ಎಂದರೆ ಒಳಬಟ್ಟೆ, ಕಾಲುಚೀಲವೂ ಸೇರಿ. ಹೆಂಗಸರಿಗೆ ರಸ್ತೆಬದಿಯಲ್ಲಿ ಇದು ಮುಜುಗರದ ವಿಷಯ, ಅದಕ್ಕೇ ಎಷ್ಟೋ ಜನ ಒದ್ದೆಯಲ್ಲೇ ಕೂರುತ್ತಾರೆ. ವ್ಯಾನ್‌ನ ಹಿಂದಿನ ಸೀಟಿಗೆ ಒಂದು ಪರದೆ ಕಟ್ಟಿಕೊಡಿ ಎಂದು ಭಾವನಿಗೆ ಈಗಲೇ ಹೇಳಿ. ಒಣ ಬಟ್ಟೆಯ ಒಂದು ಚೀಲ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಬೇರೆಯೇ ಇಡಿ. ಓಡುವಾಗಲೂ ಹತ್ತಿ ಬಟ್ಟೆ ಬೇಡ. ಹತ್ತಿ ನೀರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ. ತೆಳುವಾದ ಉಣ್ಣೆ ಅಥವಾ ಬೇಗ ಒಣಗುವ ಸಿಂಥೆಟಿಕ್ ಒಳಗೆ, ಗಾಳಿ ತಡೆಯುವ ಹಗುರ ಜಾಕೆಟ್ ಮೇಲೆ, ಟೋಪಿ, ಕೈಗವಸು. ಶುರುವಿನಲ್ಲಿ ಸ್ವಲ್ಪ ಚಳಿ ಅನ್ನಿಸಬೇಕು. ಬೆಚ್ಚಗಿದೆ ಎನ್ನಿಸಿದರೆ ಬಟ್ಟೆ ಜಾಸ್ತಿಯಾಯಿತು, ಎರಡು ಕಿಲೋಮೀಟರ್‌ನಲ್ಲಿ ನೆನೆಯುತ್ತೀರಿ.

ಯಾರಾದರೂ ನಡುಗುತ್ತಾ ಮಾತು ತೊದಲಿದರೆ, ಜಿಪ್ ಹಾಕಲು ಬೆರಳು ಬಾರದಿದ್ದರೆ, ಸಿಡಿಮಿಡಿಗೊಂಡರೆ, ಹೆಜ್ಜೆ ತಪ್ಪಿದರೆ ಸುಸ್ತು ಎಂದು ಬಿಡಬೇಡಿ. ದೇಹದೊಳಗಿನ ಬಿಸಿ 35 ಡಿಗ್ರಿಗಿಂತ ಕೆಳಗೆ ಜಾರುವಾಗಿನ ಲಕ್ಷಣ ಇವು. ಜೋರಾಗಿ ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದು ನಿಲ್ಲಿಸಿದರೆ ಅದು ಇನ್ನೂ ಕೆಟ್ಟದ್ದು. ಒಣ ಬಟ್ಟೆ, ಸ್ಲೀಪಿಂಗ್ ಬ್ಯಾಗ್, ಪೂರ್ತಿ ಎಚ್ಚರ ಇದ್ದರೆ ಬಿಸಿ ಸಿಹಿ ಪಾನೀಯ, ತಕ್ಷಣ ವೈದ್ಯಕೀಯ ಸಹಾಯ. ಬ್ರಾಂಡಿ ಖಂಡಿತ ಬೇಡ. ಅದು ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಅದಕ್ಕೇ ಬೆಚ್ಚಗಾದಂತೆ ಅನ್ನಿಸುವುದು. ಒಳಗಿನ ಶಾಖ ಆ ದಾರಿಯಲ್ಲೇ ಹೊರಗೆ ಹೋಗುತ್ತದೆ. ನಿಮ್ಮ ಗೆಳತಿಗೆ ಹೇಳಿ, ಬಾಟಲಿ ಅವರ ಹತ್ತಿರವೇ ಇರಲಿ.

ಕರಡಿ. ಅತ್ತೆಯ ಭಯ ಸುಳ್ಳಲ್ಲ. ಆ ರಸ್ತೆಯ ಅಕ್ಕಪಕ್ಕ ಕಪ್ಪು ಕರಡಿಯೂ ಇದೆ, ಗ್ರಿಜ್ಲಿಯೂ ಇದೆ. ಸೆಪ್ಟೆಂಬರ್‌ನಲ್ಲಿ ಅವು ಚಳಿಗಾಲದ ನಿದ್ದೆಗೆ ಮೊದಲು ದಿನವಿಡೀ ತಿನ್ನುತ್ತಾ ತಿರುಗುತ್ತವೆ. ಆದರೆ ರಿಲೇಯ ರಾತ್ರಿ ಆ ರಸ್ತೆಯಲ್ಲಿ ದೀಪ, ವ್ಯಾನ್, ಗದ್ದಲ ಇರುತ್ತದೆ, ಸಾಮಾನ್ಯವಾಗಿ ಕರಡಿಗೆ ಅದು ಇಷ್ಟವಿಲ್ಲ. ವ್ಯಾನ್ ಕಣ್ಣಳತೆಯಲ್ಲಿರಲಿ, ಆಗಾಗ ಜೋರಾಗಿ ಮಾತಾಡಿ, ಬಾಳೆಹಣ್ಣಿನ ಸಿಪ್ಪೆ ರಸ್ತೆಬದಿಗೆ ಎಸೆಯಬೇಡಿ. ಮೂತ್ರಕ್ಕೆಂದು ಪೊದೆಯೊಳಗೆ ಒಬ್ಬರೇ ದೂರ ಹೋಗಬೇಡಿ. ಕಂಡರೆ ಓಡಬೇಡಿ. ಓಡಲೆಂದೇ ಅಷ್ಟು ದೂರ ಹೋದವರಿಗೆ ಈ ಮಾತು ಹೇಳುವುದು ತಮಾಷೆ, ಆದರೆ ಕರಡಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರಬಲ್ಲದು. ನಿಧಾನವಾಗಿ ಮಾತಾಡುತ್ತಾ ಹಿಂದೆ ಸರಿದು ವ್ಯಾನ್ ಹತ್ತಿ. ಕರಡಿ ಸ್ಪ್ರೇಯನ್ನು ಅಲ್ಲೇ ಕೊಳ್ಳಬೇಕು, ವಿಮಾನದಲ್ಲಿ ಒಯ್ಯುವಂತಿಲ್ಲ.

ನನ್ನನ್ನು ಕೇಳಿದರೆ, ಕರಡಿಗಿಂತ ನಾನು ಹೆದರುವುದು ವ್ಯಾನ್ ಓಡಿಸುವವರಿಗೆ. 17 ಗಂಟೆ ನಿದ್ದೆಯಿಲ್ಲದೆ ಎಚ್ಚರ ಇದ್ದವರ ಚುರುಕುತನ ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟಕ್ಕೆ ಇಳಿಯುತ್ತದೆ. ನಮ್ಮ ದೇಶದಲ್ಲಿ ಕುಡಿದು ಓಡಿಸುವವರಿಗೆ ಹಾಕಿರುವ ಮಿತಿ ಶೇ. 0.03. ಶುಕ್ರವಾರ ಬೆಳಿಗ್ಗೆ ಎದ್ದು, ಸಂಜೆ ಓಡಿ, ಬೆಳಗಿನ ಜಾವ ಮೂರಕ್ಕೆ ಸ್ಟೀರಿಂಗ್ ಹಿಡಿದ ಭಾವ ಒಂದು ಹನಿ ಕುಡಿಯದಿದ್ದರೂ ಆ ಮಿತಿ ದಾಟಿರುತ್ತಾರೆ. ಓಡದ ಒಬ್ಬ ಡ್ರೈವರ್ ಬೇಕು, ಸಾಧ್ಯವಾದರೆ ಇಬ್ಬರು, ಹಗಲು ಮಲಗಿದವರು. ಇದಕ್ಕೆ ತಂಡ ಒಪ್ಪದಿದ್ದರೆ ನಾನಾದರೆ ಹೋಗುವುದಿಲ್ಲ. ಹಾಗೆಯೇ, ಅಲ್ಲಿ ವಾಹನ ಬಲಬದಿಯಲ್ಲಿ ಚಲಿಸುತ್ತದೆ. ಕತ್ತಲಲ್ಲಿ ರಸ್ತೆ ದಾಟಿ ವ್ಯಾನ್‌ಗೆ ಹೋಗುವಾಗ ನಾವು ಅಭ್ಯಾಸಬಲದಿಂದ ತಪ್ಪು ಕಡೆ ನೋಡುತ್ತೇವೆ. ಹೊಳೆಯುವ ಪಟ್ಟಿಯ ಜಾಕೆಟ್, ಹಣೆಗೆ ದೀಪ, ಬೆನ್ನಿಗೆ ಕೆಂಪು ದೀಪ ಓಡುವಾಗ ಮಾತ್ರವಲ್ಲ, ವ್ಯಾನ್ ಇಳಿದಾಗಲೆಲ್ಲ ಇರಲಿ.

ಜೆಟ್ ಲ್ಯಾಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಯುಕಾನ್ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎರಡು ಎಂದರೆ ಉಡುಪಿಯಲ್ಲಿ ಮಧ್ಯಾಹ್ನ ಎರಡೂವರೆ. ಹೋದ ಹೊಸದರಲ್ಲಿ ರಾತ್ರಿ ಕಣ್ಣು ಬಿಟ್ಟುಕೊಂಡೇ ಇರುತ್ತೀರಿ, ಹಗಲು ತೂಕಡಿಸುತ್ತೀರಿ. ರಾತ್ರಿ ಓಟಕ್ಕೆ ಇದು ಒಳ್ಳೆಯದೇ ಅಲ್ವಾ ಎಂದು ಕೆಲವರು ಕೇಳುತ್ತಾರೆ. ಸ್ವಲ್ಪ ಮಟ್ಟಿಗೆ ಹೌದು. ಆದರೆ ಒಂದೂವರೆ ದಿನದ ಪ್ರಯಾಣದ ಆಯಾಸ, ಕೆಟ್ಟ ಹೊಟ್ಟೆ, ಊದಿದ ಕಾಲು ಅದರ ಜೊತೆ ಬರುತ್ತವೆ. ಕನಿಷ್ಠ ಒಂದು ವಾರ ಮೊದಲು ಹೋಗಿ. ಅಷ್ಟು ರಜೆ ಸಿಗದಿದ್ದರೆ ಚಿಕ್ಕ ಲೆಗ್ ಕೇಳಿ. ಸ್ಕ್ಯಾಗ್ವೇಯ ಗಡಿಯಾರ ವೈಟ್‌ಹಾರ್ಸ್‌ಗಿಂತ ಒಂದು ಗಂಟೆ ಹಿಂದೆ ಇರುತ್ತದೆ. ಗಡಿ ದಾಟಿದ ಮೇಲೆ ಕಾಯುವ ಸಮಯ, ಔಷಧಿ ಸಮಯ ಗೊಂದಲ ಮಾಡಿಕೊಳ್ಳಬೇಡಿ.

ತಯಾರಿಗೆ ನಿಮಗೆ ಸಿಕ್ಕಿರುವುದು ನಮ್ಮ ಮಳೆಗಾಲ. ಒದ್ದೆಯಲ್ಲಿ, ಗಾಳಿಯಲ್ಲಿ, ಒದ್ದೆ ಶೂನಲ್ಲಿ ಓಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಲ್ಲಿ ಉಜ್ಜುತ್ತದೆ, ಯಾವ ಕಾಲುಚೀಲ ಗುಳ್ಳೆ ಎಬ್ಬಿಸುತ್ತದೆ ಎಲ್ಲ ಜುಲೈನಲ್ಲೇ ಗೊತ್ತಾಗುತ್ತದೆ. ಆದರೆ ಕಾಲಿನಲ್ಲಿ ಗಾಯ, ಒಡೆದ ಗುಳ್ಳೆ ಇದ್ದಾಗ ನಿಂತ ನೀರಿನಲ್ಲಿ ಓಡಬೇಡಿ. ನಮ್ಮ ಎರಡು ಜಿಲ್ಲೆಗಳಲ್ಲಿ ಇಲಿಜ್ವರ ಪ್ರತಿ ಮಳೆಗಾಲದ ಅತಿಥಿ. ಓಡಿದ ಮೇಲೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕೆಂಪು ಕಣ್ಣು ಬಂದರೆ ಪ್ಯಾರಾಸಿಟಮಾಲ್ ನುಂಗಿ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಬೆಟ್ಟಕ್ಕೆ ಆಗುಂಬೆ ಘಾಟಿಯ 14 ತಿರುವು ಆಸೆ ಹುಟ್ಟಿಸುತ್ತವೆ. ಮಳೆಗಾಲದಲ್ಲಿ ಬೇಡ. ಮಂಜಿನಲ್ಲಿ ಬಸ್ಸಿನವರಿಗೆ ನೀವು ಕಾಣುವುದಿಲ್ಲ. ಮಣಿಪಾಲದ ಏರು ಸಾಕು. ವಾರಕ್ಕೊಮ್ಮೆ ಹತ್ತಿ ಇಳಿಯಿರಿ. ಇಳಿಯುವುದೇ ಮುಖ್ಯ, ಜನ ಅದನ್ನು ಮರೆಯುತ್ತಾರೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಆಗ ಸಣ್ಣ ಸಣ್ಣ ಸೀಳುಗಳಾಗುತ್ತವೆ. ಮರುದಿನಕ್ಕಿಂತ ಎರಡನೇ ದಿನ ನೋವು ಜಾಸ್ತಿ. ಒಳ್ಳೆಯ ಸುದ್ದಿ ಎಂದರೆ ಒಮ್ಮೆ ನೋವು ತಿಂದ ಸ್ನಾಯು ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಕೊನೆಯ ಜೋರು ಇಳಿತ ಓಟಕ್ಕೆ ಎರಡು ವಾರ ಮೊದಲು ಮುಗಿದಿರಲಿ. ಜುಲೈನಲ್ಲಿ ಒಂದು ವಾರಾಂತ್ಯ ಮುಳ್ಳಯ್ಯನಗಿರಿ ಕಡೆ ಹೋಗಿ ಗಾಳಿ ಮಳೆಯಲ್ಲಿ ಆ ಜಾಕೆಟ್, ಕೈಗವಸು ಹಾಕಿ ಓಡಿ ನೋಡಿ. ಯುಕಾನ್ ಚಳಿ ಸಿಗುವುದಿಲ್ಲ, ಆದರೆ ಓಡಿ ನಿಂತ ಮೇಲೆ ಎಷ್ಟು ಬೇಗ ಮೈ ತಣ್ಣಗಾಗುತ್ತದೆ ಎಂಬುದು ಅರ್ಥವಾಗುತ್ತದೆ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆ, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಕೂಡ ನೋಡಿಸಿ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ರಕ್ತಹೀನತೆ ಇದೆ. ಏರಿನಲ್ಲಿ ಏದುಸಿರು ಬಂದಾಗ ದಮ್ಮು ಎಂದು ಇನ್‌ಹೇಲರ್ ಎಳೆಯುತ್ತಿರುತ್ತಾರೆ, ಕಡಿಮೆಯಾಗಿರುವುದು ಕಬ್ಬಿಣ. ಈಗ ಗೊತ್ತಾದರೆ ಸೆಪ್ಟೆಂಬರ್‌ಗೆ ಸರಿಮಾಡಲು ಸಮಯ ಇದೆ.

ಊಟ ಸರಳವಾಗಿರಲಿ. ಫ್ಲಾಸ್ಕ್‌ನಲ್ಲಿ ಬಿಸಿ ಗಂಜಿ, ಉಪ್ಪು, ಚೂರು ಉಪ್ಪಿನಕಾಯಿ. ಓಟ ಮುಗಿಸಿ ನಡುಗುವವರಿಗೆ ನಾನು ಇದಕ್ಕಿಂತ ಒಳ್ಳೆಯದನ್ನು ಕಂಡಿಲ್ಲ. ಅಕ್ಕಿ ಅಲ್ಲೂ ಸಿಗುತ್ತದೆ, ಕುಚ್ಚಲಕ್ಕಿಯೇ ಬೇಕೆಂದು ಹಟ ಬೇಡ. ಬನ್ಸ್ ಆಸೆ ಇದ್ದರೆ ಓಟ ಪೂರ್ತಿ ಮುಗಿದ ಮೇಲೆ. ನೀರಿನ ವಿಷಯದಲ್ಲಿ ಕರಾವಳಿಯ ಅಭ್ಯಾಸ ಬಿಡಿ. ಇಲ್ಲಿ ಬೆವರಿ ಗಟಗಟ ಕುಡಿಯುತ್ತೇವೆ. ಅಲ್ಲಿ ಬೆವರು ಕಡಿಮೆ. ಬಾಯಾರಿಕೆ ಇಲ್ಲದೆ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರುತ್ತದೆ. ಓಟದ ಮೊದಲು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುವ ಚಾಳಿ ಇದ್ದರೆ ಬಿಡಿ, ಕಿಡ್ನಿಗೆ ಒಳ್ಳೆಯದಲ್ಲ. ದಮ್ಮಿನ ಗುಣ ಇರುವ ಕೆಲವರಲ್ಲಿ ಈ ಮಾತ್ರೆಗಳೇ ದಮ್ಮು ಎಬ್ಬಿಸುತ್ತವೆ.

ಯಾವ ಲೆಗ್? ಘಾಟಿ ಹತ್ತುವ ಲೆಗ್‌ಗಳಲ್ಲಿ ಹೆಸರು ಇದೆ, ಫೋಟೋ ಇದೆ. ನಿಮಗೆ ಬೇಡ. ಏದುಸಿರು ಜೋರು, ಗಾಳಿ ಜೋರು, ನಿಂತ ಮೇಲೆ ಚಳಿ ಜೋರು, ಮೂರೂ ಒಟ್ಟಿಗೆ. ಶುರುವಿನ ಆ ಭಾಗ ಅಮೆರಿಕದಲ್ಲಿರುವುದರಿಂದ ಭಾರತದ ಪಾಸ್‌ಪೋರ್ಟ್‌ನವರಿಗೆ ಕೆನಡಾ ವೀಸಾ ಜೊತೆ ಅಮೆರಿಕದ ವೀಸಾವೂ ಬೇಕು. ನಡುರಾತ್ರಿಯ ಲೆಗ್‌ಗಳು ಅಷ್ಟು ಏರಿಲ್ಲದಿದ್ದರೂ ನಸುಕಿನ ಹೊತ್ತಿಗೆ ಅತಿ ಚಳಿ, ಅತಿ ನಿದ್ದೆ. ಹಲವು ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಆಸ್ಪತ್ರೆ ದೂರ. ನಾನಾದರೆ ವೈಟ್‌ಹಾರ್ಸ್ ಹತ್ತಿರದ ಕೊನೆಯ ಲೆಗ್‌ಗಳಲ್ಲಿ ಬೆಳಕು ಹರಿದ ಮೇಲೆ ಬರುವ, ಹದಿನೈದು ಕಿಲೋಮೀಟರ್ ಆಸುಪಾಸಿನದ್ದನ್ನು ಕೇಳುತ್ತೇನೆ. ತಂಡದ ನಿಯಮ ಅದಕ್ಕೆ ಅವಕಾಶ ಕೊಟ್ಟರೆ ರಾತ್ರಿ ವೈಟ್‌ಹಾರ್ಸ್‌ನಲ್ಲೇ ಮಲಗಿ, ಬೆಳಿಗ್ಗೆ ಇನ್ನೊಂದು ಕಾರಿನಲ್ಲಿ ಬದಲಾವಣೆಯ ಜಾಗಕ್ಕೆ ಹೋಗಬಹುದು. ಇಡೀ ರಾತ್ರಿಯ ವ್ಯಾನ್ ಮಜಾ ತಪ್ಪುತ್ತದೆ, ನಿಜ. ಅಮೆರಿಕದ ವೀಸಾ ಗೋಜೂ ತಪ್ಪುತ್ತದೆ.

ರಿಲೇಯಲ್ಲಿ ಇನ್ನೊಂದು ತೊಂದರೆ ಇದೆ. ಒಬ್ಬರೇ ಓಡುವಾಗ ಎದೆ ಬಿಗಿದರೆ ನಿಲ್ಲುತ್ತೇವೆ. ಒಂಬತ್ತು ಜನ ಮುಂದೆ ಕಾಯುತ್ತಿದ್ದರೆ ನಿಲ್ಲುವುದಿಲ್ಲ. ಅದರಲ್ಲೂ ಭಾವನ ತಂಡ, ಖರ್ಚು ಮಾಡಿ ಕರೆಸಿದ್ದಾರೆ ಎಂಬ ಸಂಕೋಚ ಬೇರೆ. ಆದ್ದರಿಂದ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಉಸಿರು ಕಟ್ಟಿದರೆ, ಇನ್‌ಹೇಲರ್ ಎಳೆದು ಹತ್ತು ನಿಮಿಷವಾದರೂ ಹಗುರಾಗದಿದ್ದರೆ ಓಟ ಅಲ್ಲಿಗೆ ಮುಗಿಯಿತು. ನಿರ್ಧಾರ ನಿಮ್ಮದಲ್ಲ, ವ್ಯಾನ್‌ನಲ್ಲಿರುವ ಇನ್ನೊಬ್ಬರದ್ದು. ಉಳಿದ ದೂರ ಯಾರು ಓಡಬೇಕು ಎಂದೂ ಆಗಲೇ ಗೊತ್ತಿರಲಿ. ಸಾಹಸ ಓಟಕ್ಕೂ ಅನ್ವಯಿಸುವ ಪ್ರವಾಸ ವಿಮೆ ಮಾಡಿಸಿ, ಫಾರಂನಲ್ಲಿ ದಮ್ಮಿನ ಇತಿಹಾಸ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಬೇಕಾದಾಗ ದುಡ್ಡು ಬರುವುದಿಲ್ಲ. ಔಷಧಿ ಕೈಚೀಲದಲ್ಲಿ, ವೈದ್ಯರ ಚೀಟಿ ಜೊತೆಗೆ.

ಮೇ ಮುಗಿಯುವುದರೊಳಗೆ ಪರೀಕ್ಷೆ ಆಗಲಿ. ಗಾಳಿ ಇಳಿತ ಸ್ವಲ್ಪವೇ ಇದ್ದು ಔಷಧಿಗೆ ಸರಿಹೋದರೆ ಟಿಕೆಟ್ ಮಾಡಿ. ತುಂಬಾ ಇಳಿದಿದ್ದರೆ ಆರೆಂಟು ವಾರ ದಿನಾ ಇನ್‌ಹೇಲರ್ ತೆಗೆದುಕೊಂಡು ಜುಲೈ ಕೊನೆಗೆ ಅದೇ ಎಸಿ ಕೋಣೆಯಲ್ಲಿ ಮತ್ತೆ ಓಡಿ, ಮತ್ತೆ ಊದಿ. ಆಗಲೂ ಸರಿಯಾಗದಿದ್ದರೆ ಈ ವರ್ಷ ಓಡುವುದು ಬೇಡ. ಭಾವನಿಗೆ ಬೇರೆಯವರನ್ನು ಹುಡುಕಲು ಒಂದು ತಿಂಗಳಾದರೂ ಸಿಗುತ್ತದೆ. ರಜೆ ಹಾಕಿಯೇ ಆಗಿದ್ದರೆ ಹೋಗಿ ಬನ್ನಿ. ಬಟ್ಟೆ, ಊಟ, ಸಮಯ ನೋಡಿಕೊಳ್ಳುವ, ಚೆನ್ನಾಗಿ ನಿದ್ದೆ ಮಾಡಿದ ಒಬ್ಬರು ವ್ಯಾನ್‌ನಲ್ಲಿ ಬೇಕೇ ಬೇಕು.